ಎಡಗೈಯ ದಾರ

ರೈಲು ಬ್ರಸೆಲ್ಸ್ ಬಿಡುತ್ತಿದ್ದಂತೆ ನಾನು ಅಮ್ಮನಿಗೆ ಪಾಠ ಶುರುಮಾಡಿದೆ. ಪ್ಯಾರಿಸ್ಸಿಗೆ ಒಂದೂವರೆ ಗಂಟೆಯಷ್ಟೇ, ಹೇಳಿ ಮುಗಿಸಬೇಕಾದ್ದು ಬಹಳವಿತ್ತು. ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಹುಡುಗಿಯರು ಸಹಿ ಕೇಳಲು ಬಂದರೆ ನಿಲ್ಲಬೇಡ. ಕಿವುಡರು, ಮೂಗರು ಅಂತ ಸನ್ನೆ ಮಾಡ್ತಾರೆ. ನೀನು ಬಗ್ಗಿ ಸಹಿ ಹಾಕುವಾಗ ಇನ್ನೊಬ್ಬಳ ಕೈ ನಿನ್ನ ಚೀಲದಲ್ಲಿರುತ್ತದೆ. ಮೆಟ್ರೋ ಟಿಕೆಟ್ ಯಂತ್ರದ ಹತ್ತಿರ ಸಹಾಯಕ್ಕೆ ಬಂದವರಿಗೆ ದುಡ್ಡು ಕೊಡಬೇಡ. ದೊಡ್ಡವರ ಟಿಕೆಟ್ಟಿನ ಹಣ ತಗೊಂಡು ಮಕ್ಕಳ ಟಿಕೆಟ್ ಕೈಗಿಟ್ಟು ಹೋಗ್ತಾರೆ. ಮುಖ್ಯವಾಗಿ, ಯಾರ ಮುಂದೆಯೂ ಕೈ ಚಾಚಬೇಡ.

ಅಮ್ಮ ಕಿಟಕಿಯಾಚೆಯ ಬಯಲು ನೋಡುತ್ತ ಎಲ್ಲಕ್ಕೂ ಹೂಂಗುಟ್ಟಿದಳು. ಕೊನೆಗೆ, "ಎಂತ ಮಾರಾಯ್ತಿ, ನಾವು ಊರು ನೋಡಕ್ಕೆ ಹೊರಟಿದ್ದಾ, ಕಳ್ಳರನ್ನ ನೋಡಕ್ಕಾ?" ಅಂದಳು.

ನಾನು ಲೂವೆನ್ನಿಗೆ ಓದಲು ಬಂದು ಎರಡು ವರ್ಷವಾಗಿತ್ತು. ಅಪ್ಪ ತೀರಿಕೊಂಡ ಮೇಲೆ ತೀರ್ಥಹಳ್ಳಿಯ ಮನೆಯಲ್ಲಿ ಒಬ್ಬಳೇ ಇದ್ದ ಅಮ್ಮನನ್ನು ಹೇಗೋ ಒಪ್ಪಿಸಿ ಒಂದು ತಿಂಗಳಿಗೆ ಕರೆಸಿಕೊಂಡಿದ್ದೆ. ಪ್ಯಾರಿಸ್ಸಿಗೆ ಮೂರು ದಿನ. ಹೊರಡುವ ಮೊದಲು ಮೂರು ರಾತ್ರಿ ಕೂತು ಅಲ್ಲಿಯ ಮೋಸಗಳನ್ನೆಲ್ಲ ಓದಿದ್ದೆ. ಅಷ್ಟು ಶ್ರದ್ಧೆಯಿಂದ ಸಂಶೋಧನೆಗೆ ಓದಿದ್ದರೆ ನನ್ನ ಮಾರ್ಗದರ್ಶಕರು ಎದ್ದು ಕೈ ಮುಗಿಯುತ್ತಿದ್ದರು.

ಭಯ ಸುಳ್ಳೇನೂ ಅಲ್ಲ. 2013ರ ಏಪ್ರಿಲ್‌ನಲ್ಲಿ ಲೂವ್ರ್ ಮ್ಯೂಸಿಯಮ್ಮೇ ಒಂದು ದಿನ ಬಾಗಿಲು ಹಾಕಿತ್ತು. ಜೇಬುಗಳ್ಳರ ಕಾಟ ತಾಳಲಾರದೆ ಸಿಬ್ಬಂದಿಯೇ ಕೆಲಸ ನಿಲ್ಲಿಸಿದ್ದರು. ಮೆಟ್ರೋದಲ್ಲಿ ಜೇಬುಗಳ್ಳರಿದ್ದಾರೆ ಎಂದು ಹಲವು ಭಾಷೆಗಳಲ್ಲಿ ಎಚ್ಚರಿಸುತ್ತಾರೆ. ಆ ದನಿ ಕೇಳಿದ ಕೂಡಲೇ ಪ್ರವಾಸಿಗಳೆಲ್ಲ ತಂತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಯಾವ ಜೇಬಿನಲ್ಲಿ ಹಣವಿದೆಯೆಂದು ಕಳ್ಳನಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಮೊದಲ ದಿನ ಅಮ್ಮನೇ ಗೆದ್ದಳು. ತ್ವಿಲೆರಿ ತೋಟದ ಪಕ್ಕದಲ್ಲಿ ಸೇನ್ ನದಿಯ ದಂಡೆ ಹಿಡಿದು ಹೋಗುತ್ತಿದ್ದೆವು. ಒಬ್ಬ ನಡುವಯಸ್ಸಿನವನು ಅಮ್ಮನ ಕಾಲ ಬುಡದಲ್ಲೇ ಬಗ್ಗಿ, ದಪ್ಪದೊಂದು ಉಂಗುರ ಹೆಕ್ಕಿ, ನಿಮ್ಮದಾ ಎಂದು ಸನ್ನೆಯಲ್ಲಿ ಕೇಳಿದ. ಅಲ್ಲ ಅಂದರೆ, ಇರಲಿ, ನಿಮ್ಮ ಅದೃಷ್ಟ ಎಂದು ಕೊಟ್ಟು ಹೊರಡುತ್ತಾನೆ. ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು, ಊಟಕ್ಕೇನಾದರೂ ಕೊಡಿ ಅನ್ನುತ್ತಾನೆ. ಬಂಗಾರ ಸಿಕ್ಕಿತಲ್ಲ ಎಂಬ ದಾಕ್ಷಿಣ್ಯಕ್ಕೆ ಜನ ನೋಟು ತೆಗೆಯುತ್ತಾರೆ. ಇದೆಲ್ಲ ನನಗೆ ಬಾಯಿಪಾಠ. ನಾನು ಬೇಡ ಅನ್ನುವಷ್ಟರಲ್ಲಿ ಅಮ್ಮ ಉಂಗುರ ಇಸಿದುಕೊಂಡು, ಹೆಬ್ಬೆರಳಲ್ಲಿ ಒಂದು ಸಲ ಉಜ್ಜಿ, "ಹಿತ್ತಾಳೆ ಕಣಪ್ಪಾ. ಹುಣಸೆಹಣ್ಣು ಹಾಕಿ ತಿಕ್ಕು, ಇನ್ನೂ ಹೊಳೀತದೆ" ಎಂದು ಕನ್ನಡದಲ್ಲೇ ಹೇಳಿ ವಾಪಸು ಕೊಟ್ಟಳು. ನಲವತ್ತು ವರ್ಷ ದೇವರ ಪಾತ್ರೆ ತಿಕ್ಕಿದ ಕೈ. ಅವನಿಗೆ ಏನು ಅರ್ಥವಾಯಿತೋ, ನಕ್ಕು ಉಂಗುರ ಜೇಬಿಗೆ ಹಾಕಿಕೊಂಡು ನಡೆದ.

ಐಫೆಲ್ ಗೋಪುರದ ಎದುರಿನ ಸೇತುವೆಯ ಮೇಲೆ ಮೂರು ಲೋಟ ಬೋರಲು ಹಾಕಿ, ಗೋಲಿ ಯಾವುದರ ಕೆಳಗಿದೆ ಹೇಳಿ ಎಂದು ಆಡಿಸುತ್ತಿದ್ದರು. ಒಬ್ಬ ಐವತ್ತು ಯೂರೋ ಗೆದ್ದು ಕುಣಿದ. ಅಮ್ಮ ಎರಡು ನಿಮಿಷ ನಿಂತು ನೋಡಿ, "ನಮ್ಮ ಎಳ್ಳಮಾಸೆ ಜಾತ್ರೇಲೂ ಇಸ್ಪೀಟೆಲೆ ಇಟ್ಕಂಡು ಹೀಗೇ ಕೂರ್ತಿದ್ರು. ಗೆದ್ದವನು ಅವರ ಬಾವನೇ ಆಗಿರ್ತಿದ್ದ" ಅಂದಳು. 1925ರಲ್ಲಿ ವಿಕ್ಟರ್ ಲುಸ್ಟಿಗ್ ಎಂಬಾತ ಈ ಗೋಪುರವನ್ನೇ ಗುಜರಿಗೆಂದು ಒಬ್ಬ ವ್ಯಾಪಾರಿಗೆ ಮಾರಿದ್ದನೆಂದೂ, ಕೊಂಡವನು ನಾಚಿಕೆಗೆ ಪೊಲೀಸರ ಹತ್ತಿರ ಹೋಗಲಿಲ್ಲವೆಂದೂ ಹೇಳಿದೆ. ಅವಳು ತಲೆಯೆತ್ತಿ ಗೋಪುರವನ್ನು ತುದಿಯವರೆಗೆ ನೋಡಿ, "ಪಾಪ" ಅಂದಳು. ಯಾರಿಗೆ ಪಾಪ ಅಂದಿದ್ದೋ ಗೊತ್ತಾಗಲಿಲ್ಲ.

ಎರಡನೆಯ ದಿನ ಮೊಂಮಾರ್ತ್ ಗುಡ್ಡ. ಮೇಲೆ ಬೆಳ್ಳಗಿನ ಸಾಕ್ರೆ ಕ್ಯೋರ್ ಇಗರ್ಜಿ, ಕೆಳಗೆ ಮೆಟ್ಟಿಲು. ಪಕ್ಕದಲ್ಲೇ ಗುಡ್ಡ ಹತ್ತಿಸುವ ಪುಟ್ಟ ರೈಲಿದೆ, ಮೆಟ್ರೋ ಟಿಕೆಟ್ಟೇ ಸಾಕು. ದಾರ ಕಟ್ಟುವವರು ಮೆಟ್ಟಿಲ ಬುಡದಲ್ಲಿ ನಿಂತಿರುತ್ತಾರೆ, ರೈಲಿನಲ್ಲಿ ಹೋದರೆ ಅವರ ಕೈಗೆ ಸಿಗುವುದಿಲ್ಲ ಎಂದೂ ಓದಿದ್ದೆ. ಆದರೆ ಅಮ್ಮನಿಗೆ ದೇವರ ಗುಡಿಗೆ ಮೆಟ್ಟಿಲು ಹತ್ತಿಯೇ ಹೋಗಬೇಕು.

ಹುಡುಗನೊಬ್ಬ ಕೆಂಪು, ಹಳದಿ, ಹಸಿರು ದಾರ ಹಿಡಿದು ನಗುತ್ತ ಎದುರು ಬಂದ. ಅಮ್ಮನ ಎಡಗೈ ತಾನಾಗಿ ಮುಂದೆ ಹೋಯಿತು. ಗಂಡಸರಿಗೆ ಬಲಗೈ, ಹೆಂಗಸರಿಗೆ ಎಡಗೈ. ಗುಡಿಯ ಮುಂದೆ ಯಾರಾದರೂ ದಾರ ಹಿಡಿದು ನಿಂತರೆ ಕೈ ಕೊಡುವುದು ಐವತ್ತೆಂಟು ವರ್ಷದ ಅಭ್ಯಾಸ. ನನ್ನ ಒಂದೂವರೆ ಗಂಟೆಯ ಪಾಠ ಅದರ ಮುಂದೆ ಎಲ್ಲಿ? ಅವಳು ಕಣ್ಣನ್ನೂ ಮುಚ್ಚಿಕೊಂಡಿದ್ದಳು. ಅವನು ಬೆರಳಿಗೆ ಕುಣಿಕೆ ಹಾಕಿ ಜಡೆಯಂತೆ ಹೆಣೆಯತೊಡಗಿದ. ಉಪಾಯವಿರುವುದೇ ಆ ಕುಣಿಕೆಯಲ್ಲಿ. ಹೆಣೆದು ಮುಗಿಯುವತನಕ ನೀವು ಅವನ ಕೈಯಲ್ಲಿರುತ್ತೀರಿ. ಮುಗಿದ ಮೇಲೆ ಮಣಿಕಟ್ಟಿಗೆ ಬಿಗಿದು, 20 ಯೂರೋ ಅಂದ. ಇನ್ನಿಬ್ಬರು ಹತ್ತಿರ ಬಂದು ನಿಂತರು. ಅಮ್ಮ ದಕ್ಷಿಣೆಯೆಂದು ಎರಡು ಯೂರೋ ನಾಣ್ಯ ತೆಗೆದಳು. ಅವನು ಬೇಡವೆಂದು ತಲೆಯಾಡಿಸಿದ, ಬೆರಳು ಬಿಡಲಿಲ್ಲ.

ನಾನು ಕಿರುಚಿದೆ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಅಮ್ಮನ ಕೈ ಹಿಡಿದು ಜಗ್ಗಿದ ರಭಸಕ್ಕೆ ದಾರ ಹರಿಯಿತು, ಅವಳು ಮುಗ್ಗರಿಸಿ ಮೊಣಕಾಲು ತರಚಿತು. ಅವರು ಏನೋ ಬೈದು ಬಿಟ್ಟರು. ಇಗರ್ಜಿಯೂ ಬೇಡ, ಏನೂ ಬೇಡ ಎಂದು ಅವಳನ್ನು ಎಳೆದುಕೊಂಡು ಇಳಿದೆ.

ಹಿಂದಿನಿಂದ "ಮದಾಮ್! ಮದಾಮ್!" ಎಂದು ಯಾರೋ ಓಡಿ ಬರುತ್ತಿದ್ದರು. ನಾನು ಇನ್ನೂ ಜೋರಾಗಿ ನಡೆದೆ. ಅವರು ನಮ್ಮನ್ನು ದಾಟಿ ಎದುರು ನಿಂತು ಅಮ್ಮನ ಕಡೆ ಕೈ ಚಾಚಿದರು. ಮುಟ್ಟಬೇಡ, ಪೊಲೀಸರನ್ನು ಕರೆಯುತ್ತೇನೆ ಎಂದು ಅವರ ಮುಖಕ್ಕೇ ಅರಚಿದೆ. ಸುತ್ತಲಿನವರೆಲ್ಲ ತಿರುಗಿ ನೋಡಿದರು. ಆಗಷ್ಟೇ ಅವರನ್ನು ಸರಿಯಾಗಿ ನೋಡಿದ್ದು. ಐವತ್ತು ದಾಟಿದವರು, ಕನ್ನಡಕ, ಕಂಕುಳಲ್ಲಿ ಉದ್ದನೆಯ ಬ್ರೆಡ್ಡು. ಅವರು ಎರಡೂ ಕೈ ಮೇಲೆತ್ತಿ ಒಂದು ಹೆಜ್ಜೆ ಹಿಂದೆ ಸರಿದು, ಹಿಡಿದಿದ್ದನ್ನು ಕಬ್ಬಿಣದ ಕಟಾಂಜನದ ಮೇಲೆ ಇಳಿಬಿಟ್ಟು ಹೊರಟುಹೋದರು. ಹಿಂತಿರುಗಿ ನೋಡಲಿಲ್ಲ.

ಅಮ್ಮನ ಶಾಲು. ಅಪ್ಪ ಬದರಿಗೆ ಹೋದಾಗ ತಂದಿದ್ದು. ನಾನು ಜಗ್ಗಿದಾಗ ಹೆಗಲಿಂದ ಜಾರಿ ಬಿದ್ದಿರಬೇಕು.

ದಾರ ಕಟ್ಟಿದವನದೂ ಶಾಲು ತಂದವರದೂ ಒಂದೇ ಮೈಬಣ್ಣ. ನನ್ನ ಲೆಕ್ಕ ಅಲ್ಲಿಗೇ ಮುಗಿದಿತ್ತು. ಲೂವೆನ್ನಿನಲ್ಲಿ ಬಾಡಿಗೆಗೆ ಕೋಣೆ ಹುಡುಕುವಾಗ ಫೋನಿನಲ್ಲಿ ಬನ್ನಿ ಎಂದವರು, ಮುಖ ನೋಡಿದ ಮೇಲೆ ಈಗಷ್ಟೇ ಹೋಯಿತು ಅಂದಿದ್ದನ್ನು ಎಷ್ಟು ಜನರ ಹತ್ತಿರ ಹೇಳಿಕೊಂಡು ಕುದ್ದಿದ್ದೇನೋ. ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಮೆಟ್ರೋ ಕಡೆಗೆ ಓಡಿದೆ. ಆಟಿಕೆ ಗೋಪುರ ಮಾರುವ ಅಂಗಡಿಗಳ ಸಂದಣಿಯಲ್ಲಿ ಅವರು ಎಲ್ಲೂ ಕಾಣಲಿಲ್ಲ. ತಿರುಗಿ ಬಂದಾಗ ಅಮ್ಮ ಶಾಲು ಹೊದ್ದು ಕೂತಿದ್ದಳು. ಸಿಕ್ಕಿದರಾ ಎಂದು ಕೇಳಲಿಲ್ಲ.

ರಾತ್ರಿ ಮಲಗುವ ಮುಂಚೆ, "ಇವರ ಭಾಷೇಲಿ ತಪ್ಪಾಯ್ತು ಅನ್ನಕ್ಕೆ ಎಂತ ಅಂತಾರೆ?" ಅಂದಳು. ಪಾರ್ದೋ ಎಂದು ಹೇಳಿಕೊಟ್ಟೆ. ಮಾರನೆಯ ದಿನ ಮೆಟ್ರೋದಲ್ಲಿ ಯಾರ ಮೈ ತಗುಲಿದರೂ, ತಗುಲದಿದ್ದರೂ, ಪಾರ್ದೋ ಪಾರ್ದೋ ಅನ್ನುತ್ತಿದ್ದಳು.

ಹೊರಡುವ ಬೆಳಿಗ್ಗೆ ಹೋಟೆಲಿನ ಬಿಲ್ಲು 286 ಯೂರೋ. ನನ್ನ ಸ್ಕಾಲರ್‌ಶಿಪ್ಪಿನ ದುಡ್ಡು ಬೇಡವೆಂದು ಅಮ್ಮ ತನ್ನ ಕಾರ್ಡನ್ನೇ ಕೊಟ್ಟಳು. ಯಂತ್ರದ ಪರದೆಯ ಮೇಲೆ ಯೂರೋದಲ್ಲೋ, ರೂಪಾಯಿಯಲ್ಲೋ ಎಂಬ ಪ್ರಶ್ನೆ ಬಂತು. ರೈಲಿನ ಅವಸರದಲ್ಲಿ ರೂಪಾಯಿ ಒತ್ತಿದೆ. ನಮ್ಮದೇ ದುಡ್ಡಲ್ಲವೇ ಅನ್ನಿಸಿತ್ತು. ರೈಲಿನಲ್ಲಿ ರಸೀದಿ ನೋಡಿದರೆ ಅಂದಿನ ದರಕ್ಕಿಂತ ಯೂರೋಗೆ ಆರೇಳು ರೂಪಾಯಿ ಹೆಚ್ಚು ಹಿಡಿದಿದ್ದರು. ವಿದೇಶದಲ್ಲಿ ಯಾವಾಗಲೂ ಅಲ್ಲಿಯ ನಾಣ್ಯವನ್ನೇ ಆರಿಸಬೇಕು. ರೂಪಾಯಿ ಅಂದರೆ ದರ ಅವರದು. ಹೋಗಿದ್ದು ಸುಮಾರು 1,800 ರೂಪಾಯಿ, ಹೆಚ್ಚುಕಡಿಮೆ ದಾರದ ಹುಡುಗ ಕೇಳಿದಷ್ಟೇ. ಇಲ್ಲಿ ಕಾನೂನಿನ ಪ್ರಕಾರ, ರಸೀದಿ ಸಮೇತ ಹೋಯಿತು. ನಾನು ಯಾರ ಮೇಲೂ ಕಿರುಚಲಿಲ್ಲ. ಬಿಲ್ಲಿನ ಹುಡುಗಿಗೆ ಥ್ಯಾಂಕ್ಸ್ ಕೂಡ ಹೇಳಿ ಬಂದಿದ್ದೆ.

ಲೂವೆನ್ನಿಗೆ ಬಂದ ಸಂಜೆ ಅಮ್ಮ ಪರ್ಸಿನಿಂದ ಹರಿದ ದಾರ ತೆಗೆದಳು. ಕೈಗೆ ಕಟ್ಟಿದ್ದನ್ನು ಕಸದ ಬುಟ್ಟಿಗೆ ಹಾಕಬಾರದಂತೆ. ಮನೆಯೆದುರಿನ ಮರದ ಬುಡದಲ್ಲಿ ಇಟ್ಟು ಬಂದು ಚಿಕ್ಕಮ್ಮನಿಗೆ ಫೋನು ಹಚ್ಚಿದಳು. ಉಂಗುರದ ಕತೆ ಹೇಳಿದಳು, ಬಾವನ ಆಟದ ಕತೆ ಹೇಳಿದಳು. ದಾರದ ಹುಡುಗನ ಕತೆಯನ್ನಂತೂ, ತಾನು ಕಣ್ಣುಮುಚ್ಚಿ ನಿಂತಿದ್ದನ್ನೂ ಸೇರಿಸಿ, ಚಿಕ್ಕಮ್ಮ ನಕ್ಕು ನಕ್ಕು ಕೆಮ್ಮುವ ಹಾಗೆ ಹೇಳಿದಳು. "ಇವಳು ಕೂಗಿದ್ದಕ್ಕೆ ಓಡಿಹೋದ್ರು ಕಣೆ, ಹುಲಿ ಹಾಗೆ ನಿಂತ್ಲು" ಅಂದಳು.

ಶಾಲಿನ ಕತೆ ಹೇಳಲಿಲ್ಲ. ನಾನು ಪಕ್ಕದಲ್ಲೇ ಕೂತು ಕಾಯುತ್ತಿದ್ದೆ. ಅವಳು ಅದನ್ನು ಭುಜಕ್ಕೆಳೆದುಕೊಂಡು, ಮಳೆ ಹಿಡಿಯಿತಾ, ಅಡಿಕೆಗೆ ಔಷಧಿ ಹೊಡೆಸಿದ್ರಾ ಎಂದು ಕೇಳತೊಡಗಿದಳು.