ಕಪಾಟಿನಿಂದ ಇಳಿದ ಮೂರು ಪುಸ್ತಕಗಳು

ಓದುವುದಕ್ಕೊಂದು ಕ್ರಮ ಇರಬೇಕು ಎನ್ನುವವರಿದ್ದಾರೆ. ನಮಗೆ ಅದು ಎಂದೂ ಒಗ್ಗಲಿಲ್ಲ. ಒಂದನ್ನು ಅರ್ಧಕ್ಕೆ ಬಿಟ್ಟು ಇನ್ನೊಂದನ್ನು ಹಿಡಿಯುವುದು ನಮ್ಮ ಹಳೆಯ ಚಾಳಿ. ಕಳೆದ ವಾರ ಮೂರು ಭಾಷೆಗಳಲ್ಲಿ ಹುಟ್ಟಿದ ಮೂರು ಪುಸ್ತಕಗಳು ಹೀಗೆ ನಮ್ಮ ಮಂಚದ ಮೇಲೆ ಒಟ್ಟಿಗೆ ಬಿದ್ದಿದ್ದವು.

ವೈಕಂ ಮುಹಮ್ಮದ್ ಬಶೀರರ 'ಪಾತುಮ್ಮಳ ಆಡು' ಮಲಯಾಳಂನಲ್ಲಿ ಪ್ರಕಟವಾದದ್ದು 1959ರಲ್ಲಿ. ಕನ್ನಡ ಅನುವಾದವನ್ನು ನಾವು ಎಷ್ಟನೇ ಸಲ ಓದುತ್ತಿದ್ದೇವೋ ಲೆಕ್ಕವಿಲ್ಲ. ವಿಶ್ರಾಂತಿಗೆಂದು ಊರಿನ ಮನೆಗೆ ಬಂದ ಲೇಖಕನಿಗೆ ಅಲ್ಲಿ ಸಿಗದಿರುವುದು ವಿಶ್ರಾಂತಿಯೊಂದೇ. ತಂಗಿಯ ಆಡು ಅವನ ಪುಸ್ತಕಗಳನ್ನೇ ಮೇಯ್ದುಬಿಡುತ್ತದೆ. ಬಶೀರರು ಇದಕ್ಕೆ 'ಹೆಂಗಸರ ಬುದ್ಧಿ' ಎಂಬ ಅರ್ಥದ ಇನ್ನೊಂದು ಹೆಸರನ್ನೂ ಇಟ್ಟಿದ್ದರು. ಹಿಂದೆಲ್ಲ ಆಡಿನ ತುಂಟತನಕ್ಕೆ ನಗುತ್ತಿದ್ದ ನಮಗೆ ಈ ಸಲ ಆ ಎರಡನೇ ಹೆಸರೇ ಹೆಚ್ಚು ಸರಿಯೆನಿಸಿತು. ಗಂಡಸರ ಸಂಪಾದನೆ ಸಾಲದ ಮನೆಯೊಂದು ಹೇಗೆ ಉಸಿರಾಡುತ್ತದೆ ಎಂಬುದು ಅಲ್ಲಿನ ಹೆಂಗಸರಿಗಷ್ಟೇ ಗೊತ್ತು.

ಎರಡನೆಯದು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದ ಕೃತಿ. ಇದನ್ನು ಪೂರ್ತಿ ಓದಲಿಲ್ಲ. ನಾದಿರಾಳ ಕೊನೆ ಏನೆಂದು ಗೊತ್ತಿರುವುದರಿಂದ ಆ ಪುಟಗಳು ಹತ್ತಿರವಾದಂತೆ ಪುಸ್ತಕ ಮುಚ್ಚಿಬಿಟ್ಟೆವು. ಒಂದೇ ಉಸಿರಿನಲ್ಲಿ ಹೇಳುವ ತ್ರಿವಳಿ ತಲಾಖನ್ನು ಸುಪ್ರೀಂ ಕೋರ್ಟು ಅಸಿಂಧುಗೊಳಿಸಿದ್ದು 2017ರಲ್ಲಿ. ಅದಕ್ಕೂ 36 ವರ್ಷ ಮೊದಲೇ ನಮ್ಮವರೊಬ್ಬರು ನಮ್ಮೆದುರೇ ಕೂತು ಕನ್ನಡದಲ್ಲಿ ಈ ನೋವನ್ನು ಹೇಳಿದ್ದರು. ಆಗ ಕೇಳಿಸಿಕೊಳ್ಳುವುದಕ್ಕಿಂತ ಗದರಿಸುವುದೇ ಹಲವರಿಗೆ ಸುಲಭವಾಗಿತ್ತು.

ಮೂರನೆಯದು ಉರ್ದು. ರಶೀದ್ ಜಹಾನ್ ಅವರ 'ದಿಲ್ಲಿ ಕೀ ಸೈರ್', ಮೂರು-ನಾಲ್ಕು ಪುಟದ ಕಥೆ. ವೃತ್ತಿಯಿಂದ ವೈದ್ಯೆಯಾಗಿದ್ದ ಈಕೆಯೂ ಇನ್ನು ಮೂವರೂ ಸೇರಿ 1932ರಲ್ಲಿ ತಂದ 'ಅಂಗಾರೆ' ಸಂಕಲನದಲ್ಲಿ ಇದಿದೆ. ಮರುವರ್ಷವೇ ಅಂದಿನ ಸಂಯುಕ್ತ ಪ್ರಾಂತ್ಯದ ಸರಕಾರ ಅದನ್ನು ಮುಟ್ಟುಗೋಲು ಹಾಕಿತು. ಕಥೆಯಲ್ಲಿ ಬೆಂಕಿಯೇನೂ ಇಲ್ಲ. ಫರೀದಾಬಾದಿನ ಹೆಂಗಸೊಬ್ಬಳು ಗಂಡನೊಂದಿಗೆ ದಿಲ್ಲಿ ನೋಡಲು ಹೋಗುತ್ತಾಳೆ. ಗಂಡ ಅವಳನ್ನು ಸ್ಟೇಷನ್ನಿನಲ್ಲಿ ಸಾಮಾನಿನ ಪಕ್ಕ ಕೂರಿಸಿ, ಗೆಳೆಯನ ಜೊತೆ ಹೊರಟು, ಎರಡು ಗಂಟೆಯ ಮೇಲೆ ಉಂಡು ಬರುತ್ತಾನೆ. ಅವಳು ಕಂಡ ದಿಲ್ಲಿ ಅಷ್ಟೇ.

ನಮ್ಮ ಅಮ್ಮಿಗೆ ಕಣ್ಣಿನ ಪೊರೆಯಿಂದಾಗಿ ಅಕ್ಷರ ಕಾಣಿಸುವುದಿಲ್ಲ. ಆದ್ದರಿಂದ ಇದನ್ನು ಗಟ್ಟಿಯಾಗಿ ಓದಿದೆವು. ಅಮ್ಮಿ ಅಲ್ಲಲ್ಲಿ ನಕ್ಕರು. ಮುಗಿದ ಮೇಲೆ, "ಎರಡೇ ಗಂಟೆಯಾ? ನಿನ್ನ ಅಬ್ಬಾ ನನ್ನನ್ನು ಅರಸೀಕೆರೆ ಸ್ಟೇಷನ್ನಿನಲ್ಲಿ ಮಗ್ರಿಬ್‌ಗೆ ಕೂರಿಸಿ ಹೋದವರು ಇಶಾ ಕಳೆದು ಎಷ್ಟೋ ಹೊತ್ತಿಗೆ ಬಂದರು. ಟ್ರಂಕಿನ ಮೇಲೆ ಕೂತಿದ್ದೆ. ನೀನು ಆಗ ಮಡಿಲಲ್ಲಿದ್ದೆ" ಎಂದರು.

"ಇಷ್ಟು ವರ್ಷ ಹೇಳಲೇ ಇಲ್ಲವಲ್ಲ ಅಮ್ಮಿ?"

"ಯಾರು ಕೇಳಿದರು, ಬೇಟಾ?"

ನಾವು ಇಪ್ಪತ್ತು ವರ್ಷಗಳಿಂದ ಕಥೆ ಬರೆಯುತ್ತಿದ್ದೇವೆ.

ಬಾಗಿಲಲ್ಲಿ ನಿಂತಿದ್ದ ಮಗಳು ಆ ಪುಸ್ತಕ ತನಗೂ ಬೇಕೆಂದಳು. ಮನೆಯಲ್ಲಿ ಆಡುವುದು ದಖನಿಯಾದರೂ ಅವಳಿಗೆ ಉರ್ದು ಲಿಪಿ ಬಾರದು. ನಮ್ಮ ನಂತರ ಈ ಮನೆಯಲ್ಲಿ ಆ ಕಪಾಟನ್ನು ಓದಲೆಂದು ತೆರೆಯುವವರಿಲ್ಲ. ಬಶೀರರ ಪುಸ್ತಕಗಳಿಗೆ ಆಡಾದರೂ ಸಿಕ್ಕಿತು, ನಮ್ಮವುಗಳ ಪಾಲಿಗೆ ಗೆದ್ದಲು. ಲಿಪಿ ಕಲಿಸೋಣವೆಂದರೆ ಅವಳಿಗೆ ಟ್ಯೂಷನ್ನು ಮುಗಿಯುವಾಗ ರಾತ್ರಿ ಎಂಟು. ಆದರೂ ಭಾನುವಾರ ಅಲಿಫ್, ಬೇ ಬರೆಸಿದೆವು. ಬೇಸರವಿಲ್ಲದೆ ಬರೆದಳು.

ಅಷ್ಟರವರೆಗೆ ಕಾಯುವುದು ಬೇಡವೆಂದು ಅವಳಿಗಾಗಿ ಕಥೆಯನ್ನು ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ಇಳಿಸುತ್ತಿದ್ದೇವೆ. ಎರಡು ಪುಟವಾಗಿದೆ. ಹೆಸರಿನದೇ ತೊಡಕು. 'ಪ್ರವಾಸ' ಎಂದರೆ ಶಾಲೆಯ ಪ್ರಬಂಧದಂತೆ ಕೇಳುತ್ತದೆ, 'ಸುತ್ತಾಟ' ಎಂದರೆ ಅವಳು ಸುತ್ತಲೇ ಇಲ್ಲ. ಸದ್ಯಕ್ಕೆ ಆ ಜಾಗ ಖಾಲಿ ಬಿಟ್ಟಿದ್ದೇವೆ.