ಕಿವಿಯ ತಪ್ಪೋ, ತಂತಿಯ ತಪ್ಪೋ?

ಮನೆಯ ಹಿರಿಯರಿಗೆ ವಯಸ್ಸಾಯಿತೆಂದರೆ, ಮನೆಯಲ್ಲಿ ಕೆಟ್ಟುದೆಲ್ಲದರ ಅಪವಾದವೂ ಅವರ ತಲೆಗೇ ಬರುವುದುಂಟು. ಕನ್ನಡಕ ಕಾಣದಿದ್ದರೆ ಅವರ ಮರೆವು. ಲೋಟ ಉರುಳಿದರೆ ಅವರ ಕೈನಡುಕ. ಹೀಗಿರುವಾಗ, ಸಿನಿಮಾದ ಮಾತು ಕೇಳಿಸದೆ ಹೋದುದು ನನ್ನ ತಂದೆಯವರ ಕಿವಿಯ ದೋಷವೇ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾದುದರಲ್ಲಿ ಆಶ್ಚರ್ಯವೇನು? ಅವರಿಗೆ ಎಪ್ಪತ್ತೆಂಟು ತುಂಬಿತ್ತು. ಬೇರೆ ಸಾಕ್ಷಿ ಏತಕ್ಕೆ?

ಎಲ್ಲಕ್ಕೂ ಮೂಲ ನನ್ನ ಶೋಕಿ. ಹಳೆಯ ಕಂಪ್ಯೂಟರೊಂದನ್ನು ನಡುಮನೆಯ ಟೀವಿಗೆ ಜೋಡಿಸಿ, ಆರು ಸ್ಪೀಕರುಗಳನ್ನು ಕೊಂಡುತಂದು, ಮನೆಯನ್ನೇ ಚಿತ್ರಮಂದಿರವಾಗಿಸುವ ಹುಮ್ಮಸ್ಸು ನನ್ನದು. ಇದಕ್ಕೆ ‘ಐದು ಪಾಯಿಂಟ್ ಒಂದು’ ಎಂದು ಹೆಸರು. ಎದುರಿಗೆ ಎಡ, ನಡು, ಬಲ ಎಂದು ಮೂರು. ಕುಳಿತವರ ಅಕ್ಕಪಕ್ಕದಲ್ಲಿ ತುಸು ಹಿಂದಕ್ಕೆ ಎರಡು. ಉಳಿದ ಆ ‘ಒಂದು’, ನೆಲದ ಮೇಲೆ ಕುಳಿತು ಗುಡುಗುವ ದೊಡ್ಡ ಪೆಟ್ಟಿಗೆ. 1992ರಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಡನೆ ಡಾಲ್ಬಿಯ ಡಿಜಿಟಲ್ ರೂಪದಲ್ಲಿ ಚಿತ್ರಮಂದಿರ ಪ್ರವೇಶಿಸಿದ ಈ ವೈಭವ ಈಗ ನಮ್ಮಂಥವರ ನಡುಮನೆಗೂ ಇಳಿದು ಬಂದಿದೆ.

ನಾನೇನೂ ಅಜಾಗರೂಕನಲ್ಲ. ಮಗಳ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕವನ್ನು ತೆಗೆದು, ಎದುರಿನ ಎಡಬಲಗಳನ್ನು ನಡುಗೆರೆಯಿಂದ 30 ಡಿಗ್ರಿಗೂ, ಹಿಂದಿನವನ್ನು 110 ಡಿಗ್ರಿಗೂ ಅಳೆದು ಇಟ್ಟೆ. ಮೊದಲ ದಿನವೇ ಹೊಸ ಕನ್ನಡ ಚಿತ್ರವೊಂದರ ಡಿ.ವಿ.ಡಿ. ಹಾಕಿದೆವು. ಮಳೆ ಬೆನ್ನ ಹಿಂದೆ ಸುರಿಯಿತು. ಸಿಡಿಲಿಗೆ ಕಿಟಕಿಯ ಗಾಜು ನಡುಗಿತು. ಮಗಳು ಚಪ್ಪಾಳೆ ತಟ್ಟಿದಳು.

“ಮಳೆ ಚೆನ್ನಾಗಿ ಕೇಳಿಸ್ತದೆ ಕಣೋ. ಜನ ಮಾತಾಡೋದು ಮಾತ್ರ ಕೇಳಿಸೋದಿಲ್ಲ,” ಎಂದರು ತಂದೆಯವರು.

ಧ್ವನಿ ಏರಿಸಿದೆ. ಸಿಡಿಲು ಏರಿತು, ಮಾತು ಏರಲಿಲ್ಲ. ನಿಜ ಹೇಳುವುದಾದರೆ ನಮಗೂ ಮಾತು ಮಂಕಾಗಿಯೇ ಕೇಳಿಸುತ್ತಿತ್ತು. ಆದರೆ ಇಂದಿನ ನಟರು ಗೊಣಗುವುದೇ ಹಾಗೆ ಎಂದುಕೊಂಡು, ತೆರೆಯ ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಓದಿಕೊಂಡು ಕಥೆ ತಿಳಿಯುತ್ತಿದ್ದೆವು. ಅಷ್ಟು ಸಣ್ಣ ಅಕ್ಷರ ಅವರ ಕಣ್ಣಿಗೆ ಎಟುಕುತ್ತಿರಲಿಲ್ಲ. ಮೂರು ನಾಲ್ಕು ಸಂಜೆ ಸುಮ್ಮನೆ ಕುಳಿತರು. ಬಳಿಕ, “ನೀವು ನೋಡಿ,” ಎಂದು ಜಗಲಿಗೆ ಎದ್ದು ಹೋಗತೊಡಗಿದರು. ನಾಲ್ಕು ತಿಂಗಳು ಹೀಗೆಯೇ ಕಳೆಯಿತು. ಕಿವಿಯ ವೈದ್ಯರಲ್ಲಿಗೆ ಕರೆದೊಯ್ಯಲು ದಿನವೂ ಗೊತ್ತಾಯಿತು.

ಆ ವಾರದಲ್ಲೇ ಮಗಳು ‘ಬಂಗಾರದ ಮನುಷ್ಯ’ ಹಾಕಿದಳು, 1972ರ ಚಿತ್ರ. ತಂದೆಯವರು ಜಗಲಿಯಿಂದ ಎದ್ದು ಬಂದು ಕುಳಿತವರು, ರಾಜ್‌ಕುಮಾರರ ಒಂದೊಂದು ಮಾತಿಗೂ ತಲೆದೂಗಿದರು.

“ಮಾವನವರಿಗೆ ಇದೆಲ್ಲ ಬಾಯಿಪಾಠ,” ಎಂದಳು ನನ್ನಾಕೆ.

“ಬಾಯಿಪಾಠವಲ್ಲಮ್ಮ, ಕೇಳಿಸ್ತು,” ಎಂದರು.

ಆ ಮಾತು ನನ್ನನ್ನು ಚುಚ್ಚಿತು. ಹಳೆಯ ಚಿತ್ರ ಕೇಳಿಸುವ ಕಿವಿಗೆ ಹೊಸತೇಕೆ ಕೇಳಿಸದು? ರಾತ್ರಿ ಎಲ್ಲರೂ ಮಲಗಿದ ಮೇಲೆ, ಕಂಪ್ಯೂಟರಿನಲ್ಲಿ ಸ್ಪೀಕರುಗಳನ್ನು ಒಂದೊಂದಾಗಿ ನುಡಿಸಿ ಪರೀಕ್ಷಿಸುವ ಪುಟವನ್ನು ತೆರೆದೆ. ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸವದು. ಎಡವನ್ನು ಒತ್ತಿದೆ, ಎಡ ನುಡಿಯಿತು. ಬಲವನ್ನು ಒತ್ತಿದೆ, ಬಲ ನುಡಿಯಿತು. ನಡುವನ್ನು ಒತ್ತಿದೆ, ನಡು ಮೌನ. ನೆಲದ ಪೆಟ್ಟಿಗೆ ಕಂಬಳಿ ಹೊದ್ದವನಂತೆ ಗೊಣಗಿತು!

ಕಂಪ್ಯೂಟರಿನ ಬೆನ್ನಿನಿಂದ ಮೂರು ತಂತಿಗಳು ಹೊರಡುತ್ತವೆ. ಹಸಿರು ಎದುರಿನ ಎಡಬಲಗಳಿಗೆ, ಕಪ್ಪು ಹಿಂದಿನ ಎರಡಕ್ಕೆ. ಕಿತ್ತಳೆ ಬಣ್ಣದ್ದರಲ್ಲಿ ನಡುವಿನದೂ ನೆಲದ ಪೆಟ್ಟಿಗೆಯದೂ ಜೊತೆಗೂಡಿ ಬಂದು, ತುದಿಯಲ್ಲಿ ಕೆಂಪು, ಬಿಳಿ ಎಂದು ಕವಲಾಗುತ್ತವೆ. ಆ ಕವಲುಗಳನ್ನೇ ನಾನು ಅದಲುಬದಲು ಮಾಡಿದ್ದೆ. ಇಂದಿನ ಚಿತ್ರಗಳಲ್ಲಿ ಪಾತ್ರಗಳ ಸಂಭಾಷಣೆಯನ್ನು ಬಹುಪಾಲು ನಡುವಿನ ಸ್ಪೀಕರಿಗೇ ವಹಿಸಿರುತ್ತಾರೆ. ಅದೆಲ್ಲ ಸುಮಾರು 120 ಹರ್ಟ್ಜ್‌ನ ಕೆಳಗಿನ ಗುಡುಗಿಗೆಂದೇ ಇರುವ ಪೆಟ್ಟಿಗೆಯ ಹೊಟ್ಟೆ ಸೇರುತ್ತಿತ್ತು. ಸ, ಶ, ತ ಮುಂತಾದ ವ್ಯಂಜನಗಳನ್ನು ಕಿವಿ ಗುರುತಿಸುವುದು ಸಾವಿರಾರು ಹರ್ಟ್ಜ್‌ಗಳಲ್ಲಿ. ಅವು ಅಲ್ಲಿಂದ ಹೊರಬರುವುದುಂಟೆ? ‘ಬಂಗಾರದ ಮನುಷ್ಯ’ದ ಕಾಲದ ಧ್ವನಿಯಾದರೋ ಒಂದೇ ಧಾರೆ, ನನ್ನ ಬಿಲ್ಲೆಯಲ್ಲಿ ಅದು ಎದುರಿನ ಎಡಬಲಗಳಿಂದ ಸಮನಾಗಿ ಬರುತ್ತಿತ್ತು. ಆದುದರಿಂದಲೇ ಅದರ ಮಾತು ಉಳಿದುಕೊಂಡಿತು.

ಕೆಂಪನ್ನು ಬಿಳಿಯ ಜಾಗಕ್ಕೆ, ಬಿಳಿಯನ್ನು ಕೆಂಪಿನ ಜಾಗಕ್ಕೆ ಸಿಕ್ಕಿಸಿದೆ. ಅರ್ಧ ನಿಮಿಷದ ಕೆಲಸ.

ಮರುದಿನ ತಂದೆಯವರನ್ನು ಕರೆದು ಕೂರಿಸಿ, ಅಕ್ಷರಗಳನ್ನು ತೆಗೆದುಹಾಕಿ, ಅದೇ ಹೊಸ ಚಿತ್ರವನ್ನು ಹಾಕಿದೆ. ಮಳೆಯ ನಡುವೆ ಮಾತು ತಿಳಿಯಾಗಿ ಬಂತು. ಅವರು ಕೊನೆಯವರೆಗೂ ನೋಡಿದರು. ನಾನು ತಡವರಿಸುತ್ತ ತಂತಿಯ ಸಂಗತಿಯನ್ನು ಹೇಳಿಕೊಂಡೆ.

“ಹಾಗಾದರೆ ಶನಿವಾರ ಡಾಕ್ಟರ ಹತ್ತಿರ ಹೋಗಬೇಕಾದ್ದು ನಾನೋ, ಕಂಪ್ಯೂಟರೋ?” ಎಂದು ನಕ್ಕರು.

ನಾನೂ ನಕ್ಕೆ. ಆದರೆ ಜಗಲಿಯಲ್ಲಿ ಅವರೊಬ್ಬರೇ ಕಳೆದ ನಾಲ್ಕು ತಿಂಗಳ ಸಂಜೆಗಳನ್ನು ಹಿಂದಿರುಗಿಸುವ ತಂತಿ ಯಾವುದು? ಅವರು ಅದನ್ನೆಂದೂ ಎತ್ತಿ ಆಡಲಿಲ್ಲ. ಈಗ ಚಿತ್ರ ಹಾಕುವ ಮೊದಲು ಆರು ಸ್ಪೀಕರುಗಳನ್ನೂ ಒಂದೊಂದಾಗಿ ನುಡಿಸುವುದು ನಮ್ಮ ಮನೆಯ ಪದ್ಧತಿ. ತಮ್ಮ ಕುರ್ಚಿಯಿಂದಲೇ ಅವರು ಕೇಳುತ್ತಾರೆ: “ನಡುವಿನದು ಮಾತಾಡಿತೇನೋ?”