ಒತ್ತಕ್ಷರಕ್ಕೆ ಜಾಗ

ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ಗುಡಿಗೆ ಜನ ಅರವತ್ತು ಕಂಬದ ಗುಡಿ ಅಂತಲೇ ಅನ್ನುವುದು. ಆ ಗುಡಿ, ಕೋಟೆಯ ನವಿಲು, ಊರಿನ ಚರಿತ್ರೆ ಎಲ್ಲವನ್ನೂ ಬರೆದಿಡಲು ವರ್ಡ್‌ಪ್ರೆಸ್‌ನಲ್ಲಿ ನನ್ನದೊಂದು ತಾಣವಿದೆ. ಬರೆಯುವುದು ಎಷ್ಟು ಇಷ್ಟವೋ, ಕೋಡ್ ತಿದ್ದಿ ಆ ಬರಹದ ಪುಟವನ್ನು ಹದಕ್ಕೆ ತರುವುದೂ ಅಷ್ಟೇ ಇಷ್ಟ.

ಸಿಗುವ ಥೀಮ್‌ಗಳಲ್ಲಿ ಬಹುಪಾಲು ರೋಮನ್ ಅಕ್ಷರದ ಅಳತೆಗೆ ಹೊಲಿದ ಅಂಗಿಗಳು. ಕನ್ನಡ ಅಕ್ಷರದ ಮೈಕಟ್ಟೇ ಬೇರೆ. ಮೇಲೆ ತಲೆಕಟ್ಟು, ಗುಡಿಸು, ಬದಿಗೆ ಕೊಂಬು, ಕೆಳಗೆ ಒತ್ತು. 'ರಾಷ್ಟ್ರಕೂಟ' ಎಂದು ಬರೆದರೆ ಟಕಾರ, ರಕಾರ ಎರಡೂ ಒತ್ತಾಗಿ ಷಕಾರದ ಕೆಳಗಿಳಿಯುತ್ತವೆ. ಸಾಲಿನ ಎತ್ತರ 1.4 ಇದ್ದರೆ ಈ ಒತ್ತುಗಳು ಕೆಳಸಾಲಿನ ಗುಡಿಸಿಗೆ ತಾಗುವಷ್ಟು ಹತ್ತಿರ ಬರುತ್ತವೆ. ನಾನು 1.8ಕ್ಕೆ ಏರಿಸುತ್ತೇನೆ. ತಿದ್ದಿದ್ದು ಒಂದೇ ಸಾಲು, ಆದರೆ ಇಡೀ ಪುಟ ಕಣ್ಣಿಗೆ ಹಗುರಾಗುತ್ತದೆ. ಶೀರ್ಷಿಕೆಯ ಅಕ್ಷರಗಳ ನಡುವೆ ಥೀಮ್ ತುಂಬಿದ ಅಂತರವನ್ನು ಸೊನ್ನೆಗಿಳಿಸಿದರೆ ಪದ ಮತ್ತೆ ಒಟ್ಟುಗೂಡುತ್ತದೆ.

ಮೂಲ ಥೀಮನ್ನು ಮಾತ್ರ ಮುಟ್ಟುವುದಿಲ್ಲ. ಚೈಲ್ಡ್ ಥೀಮ್ ಮಾಡಿ, ಬೇಕಾದ ಟೆಂಪ್ಲೇಟ್ ಫೈಲನ್ನಷ್ಟೇ ಅದರೊಳಗೆ ನಕಲಿಳಿಸಿ ತಿದ್ದುತ್ತೇನೆ. ವರ್ಡ್‌ಪ್ರೆಸ್ ಮೊದಲು ಅಲ್ಲಿ ಹುಡುಕುತ್ತದೆ, ಸಿಗದಿದ್ದರೆ ಮೂಲಕ್ಕೆ ಹೋಗುತ್ತದೆ. ಮೂಲ ಥೀಮ್‌ಗೆ ಅಪ್‌ಡೇಟ್ ಬಂದರೂ ನಮ್ಮ ಕೆಲಸ ಉಳಿಯುತ್ತದೆ.

ಫಂಕ್ಷನ್ಸ್ ಫೈಲಿನಲ್ಲಿ ಇನ್ನೂ ರುಚಿಯಿದೆ. ಲೇಖನದ ತುಣುಕು ತೋರಿಸಲು ವರ್ಡ್‌ಪ್ರೆಸ್ ತಾನಾಗಿ 55 ಪದ ತೆಗೆದುಕೊಳ್ಳುತ್ತದೆ. ಇಂಗ್ಲಿಷಿಗೆ ಅದು ಒಪ್ಪುವ ಲೆಕ್ಕ. 'ಕೋಟೆಯೊಳಗಿನ', 'ಕೆತ್ತಿಸಿದವರಾರೆಂದು' ಎಂದು ಪ್ರತ್ಯಯ ಸೇರಿಸಿಕೊಂಡು ಉದ್ದವಾಗುವ ನಮ್ಮ ಪದಗಳು 55 ಆದರೆ ಫೋನಿನ ಪರದೆಯೇ ತುಂಬಿಹೋಗುತ್ತದೆ. ಪುಟ್ಟ ಫಿಲ್ಟರ್ ಬರೆದು 25ಕ್ಕೆ ನಿಲ್ಲಿಸಿದೆ. ದಿನಾಂಕದ ಅಂಕಿಗಳನ್ನು ಕನ್ನಡಕ್ಕೆ ತಿರುಗಿಸಲು ಸೊನ್ನೆಯಿಂದ ಒಂಬತ್ತರವರೆಗೆ ಜೋಡಿ ಪಟ್ಟಿಯೊಂದು ಸಾಕಾಯಿತು.

ಪಠ್ಯಕ್ಕೆ ನೋಟೊ ಸೆರಿಫ್ ಕನ್ನಡ, ಶೀರ್ಷಿಕೆಗೆ ನಮ್ಮ ಹತ್ತಿರದ ಊರಿನ ಹೆಸರು ಹೊತ್ತ ಹುಬ್ಬಳ್ಳಿ ಫಾಂಟ್. ಕೋಟೆಯ ಆವರಣ 2006ರಲ್ಲಿ ನವಿಲುಧಾಮವಾಯಿತಲ್ಲ, ಆ ವಿಷಯದ ಲೇಖನಗಳಿಗೆ ಮಾತ್ರ ಕೈಬರಹದ ಧಾಟಿಯ ನವಿಲು ಫಾಂಟ್. ವರ್ಡ್‌ಪ್ರೆಸ್ ಪ್ರತಿ ಲೇಖನಕ್ಕೂ ಅದರ ವರ್ಗದ ಹೆಸರನ್ನು ಕ್ಲಾಸ್ ಆಗಿ ಅಂಟಿಸುವುದರಿಂದ ಇದಕ್ಕೆ ಎರಡು ಸಾಲಿನ ಸಿಎಸ್‌ಎಸ್ ಸಾಕು. ಆ ಎರಡು ಸಾಲು ಬರೆದು ಪುಟ ತೆರೆದಾಗಿನ ಖುಷಿ ದೊಡ್ಡದು.

ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ 898ರಲ್ಲಿ ಪೂಜೆ ಸಂದದ್ದು ಇದೇ ಬಂಕಾಪುರದಲ್ಲಿ. ಗ್ರಂಥವನ್ನು ಹಾಗೆ ಗೌರವಿಸಿದ ಊರಿನ ಬರಹ ಫೋನಿನ ಪರದೆಯ ಮೇಲೂ ಅಂದವಾಗಿ ಕೂರಬೇಕೆಂಬುದು ನನ್ನ ಹಟ. ಪುಟದ ಅಳತೆಗೆ ಅಕ್ಷರ ಕುಗ್ಗಬಾರದು, ಅಕ್ಷರದ ಅಳತೆಗೆ ಪುಟ ಹಿಗ್ಗಬೇಕು. ನೀವೂ ನಿಮ್ಮ ಊರಿನ ಬಗ್ಗೆ ಬರೆಯುವವರಾದರೆ, ಬಣ್ಣ ಚಿತ್ರಗಳ ಗೊಡವೆಗೆ ಹೋಗುವ ಮೊದಲು ಸಾಲಿನ ಎತ್ತರ ತಿದ್ದಿ, ಒತ್ತಕ್ಷರಕ್ಕೆ ಜಾಗ ಕೊಡಿ.